ಮೊಳದುದ್ದದ ಬೆಂಕಿ

ವಾಡಿಯಲ್ಲಿ ಬೆಳೆದವರಿಗೆ ಎರಡು ಸದ್ದು ಕೇಳಿಸುವುದೇ ಇಲ್ಲ. ಒಂದು ರೈಲಿನದು, ಇನ್ನೊಂದು ಸಿಮೆಂಟ್ ಕಾರ್ಖಾನೆಯದು. ನನಗೆ ಕೇಳುತ್ತಿದ್ದದ್ದು ಮೂರನೆಯದು: ಗೇಮಿನಂಗಡಿಯ ಡಬ್ಬಿಯಲ್ಲಿ ಕಾಯಿನ್ ಬೀಳುವ ಸದ್ದು. ಅಡುಗೆಮನೆಯಿಂದ ಅವ್ವ ಹತ್ತು ಸಲ ಕರೆದರೂ ಕೇಳದ ಕಿವಿಗೆ ನಾಲ್ಕು ಓಣಿ ಆಚೆಯ ಒಂದು ರೂಪಾಯಿ ಹೇಗೆ ಕೇಳುತ್ತದೆ ಎಂಬುದು ನಮ್ಮ ಮನೆಯಲ್ಲಿ ಬಹುಕಾಲ ಬಗೆಹರಿಯದ ಪ್ರಶ್ನೆಯಾಗಿತ್ತು.

ನನ್ನ ವಿದ್ಯಾಭ್ಯಾಸ ಶುರುವಾದದ್ದು ಮಾತ್ರ ಸೋದರಮಾವನ ಊರು ಶಹಾಬಾದದಲ್ಲಿ. ಬೇಸಿಗೆ ರಜೆಗೆ ಹೋದಾಗ ಅಲ್ಲಿಯ ಒಂದು ಅಂಗಡಿಯಲ್ಲಿ ‘ಕಿಂಗ್ ಆಫ್ ಫೈಟರ್ಸ್ ’95’ ಇತ್ತು. ಜಪಾನಿನ ಎಸ್‌ಎನ್‌ಕೆ ಕಂಪನಿಯ ಆಟ. ಈ ಕಡೆ ಮೂವರು, ಆ ಕಡೆ ಮೂವರು. ನಾನು ಹಿಡಿದದ್ದು ಕೇಸರಿ ಅಂಗಿಯ ರ್ಯೋ ಸಕಝಾಕಿಯನ್ನು. ಹ್ಯಾಂಡಲ್ ಕೆಳಗೆ, ಓರೆ, ಮುಂದೆ, ಮೇಲೊಂದು ಗುದ್ದು. ಅವನ ಅಂಗೈಯಿಂದ ಬೆಂಕಿಯುಂಡೆ ಹೊರಟು ಪರದೆಯ ಆಚೆಯ ಅಂಚಿನವರೆಗೆ ಓಡುತ್ತಿತ್ತು. ಅದರ ಹೆಸರು ಕೋ-ಓ-ಕೆನ್ ಎಂದು ತಿಳಿಯಲು ನನಗೆ ಮೀಸೆ ಬರಬೇಕಾಯಿತು. ಆಗ ನಮಗದು ಬರೀ ‘ಪವರ್’. ಮೂಲೆ ಹಿಡಿದು ನಿಂತು ಪವರ್ ಬಿಡುವುದು, ಹಾರಿ ಬಂದವನಿಗೆ ಮುಷ್ಟಿ ಕೊಡುವುದು. ಇಷ್ಟೇ ವಿದ್ಯೆಯಲ್ಲಿ ಮಾವನ ಓಣಿಯ ಹುಡುಗರನ್ನೆಲ್ಲ ಸಾಲಾಗಿ ಮನೆಗೆ ಕಳಿಸಿದೆ.

ಮುಂದೆ ನಮ್ಮ ವಾಡಿಯ ಅಂಗಡಿಗೆ ’97 ಬಂತು. ಸುತ್ತ ನಿಂತವರಿಗೆ ‘ಸರೀರಿ’ ಎಂದು ಹೇಳಿ ಕಾಯಿನ್ ಹಾಕಿದೆ. ಅದೇ ಅಂಗಿ, ಅದೇ ಗತ್ತು. ಕೆಳಗೆ, ಓರೆ, ಮುಂದೆ, ಗುದ್ದು. ಬೆಂಕಿ ಅಂಗೈಯಲ್ಲಿ ಹೊತ್ತಿತು, ಮೊಳದುದ್ದ ಚಾಚಿತು, ಅಲ್ಲೇ ಆರಿತು. ಅವ್ವ ಒಲೆಗೆ ಗೀರುವ ಕಡ್ಡಿಗೂ ಅದಕ್ಕಿಂತ ಹೆಚ್ಚು ಆಯುಷ್ಯ.

‘ಕಾಕಾ, ಬಟನ್ ಕೆಟ್ಟದ!’

ಕಾಕಾ ಬಂದು ಬಟನ್ ಒತ್ತಿ, ಊದಿ, ತಾನೇ ಒಂದು ಕೈ ಆಡಿ ನೋಡಿದರು. ‘ಬಟನ್ ಛಲೋ ಅದ ತಮ್ಮಾ. ನಿಮ್ಮಾಂವಗೇ ವಯಸ್ಸಾಗ್ಯಾದ.’

ಆ ಒಂದು ರೂಪಾಯಿ ಅವರು ತಿರುಗಿ ಕೊಡಲಿಲ್ಲ.

ನಿಜ ಸಂಗತಿ ಗೊತ್ತಾದದ್ದು ಬಹಳ ತಡವಾಗಿ. ’96ರ ಆಟದಲ್ಲೇ ಕಂಪನಿಯವರು ಎಲ್ಲರಿಗೂ ಗಿಡ್ಡ ಜಿಗಿತ ಕಲಿಸಿ, ನೆಲಕ್ಕೆ ಉರುಳಿ ತಪ್ಪಿಸಿಕೊಳ್ಳುವ ವಿದ್ಯೆಯನ್ನೂ ಕೊಟ್ಟಿದ್ದರು. ದೂರದ ಬೆಂಕಿಗಳಿಗೆ ಕತ್ತರಿ ಹಾಕಿದ್ದರು. ನಾಯಕ ಕ್ಯೋನ ನೆಲದ ಬೆಂಕಿಯನ್ನಂತೂ ಪೂರ್ತಿ ಕಿತ್ತುಕೊಂಡಿದ್ದರು. ಅವನ ವೈರಿ ಇಯೋರಿಯ ನೇರಳೆ ಬೆಂಕಿ ಮಾತ್ರ ಯಾರ ವಶೀಲಿಯಿಂದಲೋ ಉಳಿದಿತ್ತು. ಇದಕ್ಕೂ ಮೊದಲು, 1995ರಲ್ಲಿ, ಎದುರು ಕಂಪನಿ ಕ್ಯಾಪ್‌ಕಾಮ್ ರ್ಯೋನನ್ನೂ ಅವನ ಗೆಳೆಯ ರಾಬರ್ಟ್‌ನನ್ನೂ ಅಣಕಿಸಲೆಂದೇ ಡ್ಯಾನ್ ಎಂಬ ಹಾಸ್ಯದ ಪಾತ್ರ ತಂದಿತ್ತು. ಅವನ ಬೆಂಕಿ ಅಂಗೈ ಬಿಟ್ಟು ದೂರ ಹೋಗುವುದಿಲ್ಲ, ಅದೇ ತಮಾಷೆ. ಮರುವರ್ಷ ರ್ಯೋನ ಬೆಂಕಿಯೂ ಹಾಗೇ ಆಯಿತು. ನಮ್ಮ ಕಡೆ ಹಿರಿಯರು ಸುಮ್ಮನೆ ಹೇಳುವುದಿಲ್ಲ, ಕುಂಟನನ್ನು ಅಣಕಿಸಬಾರದು ಎಂದು. ಇಲ್ಲಿ ಅಣಕಿಸಿದವನು ಬಚಾವಾದ, ಅಣಕಿಸಿಕೊಂಡವನೇ ಕುಂಟನಾದ.

ಬೇರೆಯವರೆಲ್ಲ ರ್ಯೋನನ್ನು ಬಿಟ್ಟು ಇಯೋರಿಯ ಹಿಂದೆ ಹೋದರು. ನಾನು ಬಿಡಲಿಲ್ಲ. ನಿಷ್ಠೆಯೇನಲ್ಲ, ಬೇರೆ ಯಾವುದೂ ಬರುತ್ತಿರಲಿಲ್ಲ. ಆಡುತ್ತ ಆಡುತ್ತ ತಿಳಿಯಿತು: ಈ ಬೆಂಕಿ ಎಸೆಯುವ ಕಲ್ಲಲ್ಲ, ಬಾಗಿಲಿಗೆ ಹಾಕುವ ಅಗುಳಿ. ಗಿಡ್ಡ ಜಿಗಿತದಲ್ಲಿ ಮೈಮೇಲೆ ಬರುವವನು ಸರಿಯಾಗಿ ಅದರ ಬಾಯಿಗೇ ಬೀಳುತ್ತಿದ್ದ. ನನ್ನ ಗುದ್ದನ್ನು ತಡೆದು ನಿಂತವನ ಮೇಲೆ ಬಿಟ್ಟರೆ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಆ ಒಂದು ಹೆಜ್ಜೆಯಲ್ಲಿ ನನಗೆ ಉಸಿರು ಬರುತ್ತಿತ್ತು. ಒಂದೇ ತೊಂದರೆ. ಇದಕ್ಕೆಲ್ಲ ಎದುರಿನವನ ಹತ್ತಿರ ಹೋಗಬೇಕು, ಹೋದಾಗ ಒದೆಯನ್ನೂ ತಿನ್ನಬೇಕು. ಹತ್ತು ಆಟದಲ್ಲಿ ಏಳು ಸೋಲುತ್ತಿದ್ದೆ. ಆದರೆ ಗೆದ್ದ ಮೂರನ್ನು ನೋಡಲು ಕಾಕಾ ಗಲ್ಲೆ ಬಿಟ್ಟು ಎದ್ದು ಬರುತ್ತಿದ್ದರು.

ಆಮೇಲೆ ಎಲ್ಲಿ ನೋಡಿದರೂ ನನಗೆ ಇದೇ ಕಾಣಲು ಶುರುವಾಯಿತು. ಶಹಾಬಾದದ ಫರಸಿ ಕಲ್ಲನ್ನೇ ನೋಡಿ. ಒಂದು ಕಾಲಕ್ಕೆ ಇಲ್ಲಿಂದ ರೈಲು ಹತ್ತಿ ಯಾವ್ಯಾವುದೋ ಊರಿನ ಪಡಸಾಲೆಗಳಲ್ಲಿ ಮಲಗಿದ ಕಲ್ಲು ಅದು. ಕನ್ನಡಿಯಂಥ ಟೈಲ್ಸ್ ಬಂದ ಮೇಲೆ, ಫರಸಿಯಿಂದಲೇ ಅನ್ನ ಉಂಡ ನನ್ನ ಮಾವನೂ ಮನೆ ತುಂಬ ಟೈಲ್ಸ್ ಹಾಕಿಸಿದ. ಮೊದಲನೇ ವಾರವೇ ಅತ್ತೆ ಬಚ್ಚಲಲ್ಲಿ ಜಾರಿದಳು. ಬಚ್ಚಲಿಗೆ ಫರಸಿ ತಿರುಗಿ ಬಂತು. ಮೆಟ್ಟಿಲಿಗೆ ಬಂತು, ಬಟ್ಟೆ ಒಗೆಯಲು ಬಂತು, ಗಟಾರದ ಮೇಲೆ ಬಂತು, ಎಮ್ಮೆಯ ಕಾಲ ಕೆಳಗೆ ಬಂತು. ಪಡಸಾಲೆಯಲ್ಲಿ ಸೋತದ್ದು ಮನೆಯ ಸುತ್ತ ನಿಂತು ಗೆದ್ದಿತು.

ಚಿಂಚೋಳಿಯ ಮುತ್ಯಾನನ್ನು ನೋಡಲು ವಾಡಿಯಿಂದ ಪ್ಯಾಸೆಂಜರ್ ಹತ್ತಬೇಕಿತ್ತು. 1874ರಲ್ಲಿ ನಿಜಾಮರ ಕಾಲಕ್ಕೆ ಸಿಕಂದರಾಬಾದಿಗೆ ಹಾಕಿದ ಈ ಹಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮುಟ್ಟಿ ಆಚೆ ಹೋಯಿತೇ ಹೊರತು ಚಿಂಚೋಳಿಯ ಕಡೆ ತಿರುಗಿ ನೋಡಲಿಲ್ಲ. ಸೇಡಮ್ಮಿನಿಂದ ಬಸ್ಸೇ ಗತಿ. ಮಳಖೇಡ ರೋಡಿನಲ್ಲಿ ಗಾಡಿ ನಿಂತಾಗೆಲ್ಲ ನನಗೆ ರ್ಯೋ ನೆನಪಾಗುತ್ತಿದ್ದ. ಇಲ್ಲಿ ಕೂತು ಆಳಿದ ಅಮೋಘವರ್ಷನ ಅಜ್ಜ ಧ್ರುವನ ಸೇನೆ ಗಂಗೆ ಯಮುನೆಗಳ ನಡುವಿನ ಬಯಲಿಗೆ ಹೋಗಿ ಬಂದಿತ್ತು. ಪೂರ್ತಿ ಪರದೆ ದಾಟುವ ಪವರ್ ಅಂದರೆ ಅದು. ಈಗ ಕೋಟೆಯ ಗೋಡೆಗೆ ಆಡು ಒರಗಿಕೊಂಡರೆ ಅದಕ್ಕೆ ನೆರಳು ಸಿಗುತ್ತದೆ. ಆಡಿನ ಮಟ್ಟಿಗೆ ಅದೂ ಸಾಮ್ರಾಜ್ಯವೇ.

ಮುತ್ಯಾನ ಪವರ್ ಇದ್ದದ್ದು ಗಂಟಲಲ್ಲಿ. ಈ ಬದುವಿನಲ್ಲಿ ನಿಂತು ಕೂಗಿದರೆ ತೊಗರಿ ಸಾಲು ದಾಟಿ ಆ ಬದುವಿನ ಹಂದಿ ಓಡುತ್ತಿತ್ತು. ಹಂದಿಯ ಜೊತೆ ಪಕ್ಕದ ಹೊಲದ ಆಳೂ ಓಡುತ್ತಿದ್ದ. ರ್ಯೋ ಮೊದಲು ಕಾಣಿಸಿಕೊಂಡ 1992ರ ‘ಆರ್ಟ್ ಆಫ್ ಫೈಟಿಂಗ್’ ಆಟದಲ್ಲಿ, ಎದುರಿನವನನ್ನು ಹಂಗಿಸಿದರೆ ಅವನ ಶಕ್ತಿ ಇಳಿಯುತ್ತದೆ, ಶಕ್ತಿ ಇಳಿದವನ ಬೆಂಕಿ ಚಿಕ್ಕದಾಗುತ್ತದೆ. ಈ ಸೂತ್ರ ಮುತ್ಯಾನಿಗೆ ಜಪಾನಿನವರಿಗಿಂತ ಮೊದಲೇ ಗೊತ್ತಿತ್ತು. ಅವನು ಯಾರಿಗೂ ಹೊಡೆದವನಲ್ಲ, ಬೈದೇ ಅರ್ಧ ಮಾಡುತ್ತಿದ್ದ.

ಕಾಯಿಲೆ ಬಿದ್ದು ಎದ್ದ ಮೇಲೆ ಆ ಗಂಟಲು ಹೋಯಿತು. ಮಾತು ಹೊರಸಿನ ಅಂಚಿಗೆ ಬರುವಷ್ಟರಲ್ಲಿ ಆರುತ್ತಿತ್ತು. ಮನೆಯವರು ಮರುಗಿದರು, ಮೊಮ್ಮಕ್ಕಳು ಒಳಗೊಳಗೇ ಹಿಗ್ಗಿದೆವು. ಆ ಸಲ ಹೋದಾಗ ಮುತ್ಯಾ ತುಟಿ ಅಲ್ಲಾಡಿಸಿದ. ‘ಏನಂದಿ ಮುತ್ಯಾ?’ ಎಂದು ಬಾಗಿದೆ. ಮತ್ತೆ ಅಲ್ಲಾಡಿಸಿದ. ಇನ್ನೂ ಬಾಗಿದೆ. ನನ್ನ ಕಿವಿ ಅವನ ಎರಡು ಬೆರಳಿನ ನಡುವೆ ಇತ್ತು.

‘ಗೇಮ್ ಆಡ್ಲಾಕ ಅವ್ವನ ಡಬ್ಬ್ಯಾಗಿನ ರೊಕ್ಕ ಕದಿತಿಯಂತಲ್ಲೋ, ಮಗನ.’

ಹೊಲದಾಚೆ ನಿಂತು ಕೂಗಿದ್ದರೆ ನಾನು ಓಡಿಹೋಗುತ್ತಿದ್ದೆ. ಮುತ್ಯಾ ಕಿವಿ ಬಿಟ್ಟ ಮೇಲೂ ಕೈ ಬಿಡಲಿಲ್ಲ. ಸಂಜೆಯವರೆಗೆ ಅಲ್ಲೇ ಕೂಡಿಸಿಕೊಂಡು, ಯಾವ ವರ್ಷ ಯಾವ ಹೊಲ ಎಷ್ಟು ಚೀಲ ತೊಗರಿ ಕೊಟ್ಟಿತು ಎಂದು ಪಿಸುಗುಟ್ಟಿದ. ಅಷ್ಟು ಹತ್ತಿರ ಅವನ ಪಕ್ಕ ನಾನು ಎಂದೂ ಕೂತಿರಲಿಲ್ಲ. ಅವನಿಗೆ ಗಂಟಲಿದ್ದಾಗ ಅದರ ಅಗತ್ಯವೇ ಬಿದ್ದಿರಲಿಲ್ಲ.

ಮುತ್ಯಾ ಈಗಿಲ್ಲ, ಗೇಮಿನಂಗಡಿಯೂ ಇಲ್ಲ. ನನ್ನ ಮಗ ಅದೇ ’97ನ್ನು ಫೋನಿನಲ್ಲಿ ಆಡುತ್ತಾನೆ. ಮೊನ್ನೆ ಊಟಕ್ಕೆ ಮೂರು ಸಲ ಕೂಗಿದೆ. ನನ್ನ ಕೂಗು ಪಡಸಾಲೆಯನ್ನೂ ದಾಟುವುದಿಲ್ಲ ಎಂದು ಗೊತ್ತಾಯಿತು. ಸರಿ, ಮನೆತನದ ವಿದ್ಯೆ ಇದೆಯಲ್ಲ. ಅವನ ಪಕ್ಕ ಹೋಗಿ ಕೂತು ತುಟಿ ಅಲ್ಲಾಡಿಸಿದೆ.

‘ಏನಂದಿ ಅಪ್ಪಾ?’ ಎಂದು ಬಾಗಿದ. ಎರಡು ಬೆರಳು ಎತ್ತಿದೆ.

ಫೋನನ್ನು ಎದೆಗವಚಿಕೊಂಡು ಹಾಸಿಗೆಯ ಮೇಲೆ ಒಂದು ಸುತ್ತು ಉರುಳಿ ಆಚೆ ಎದ್ದ. ’96ರಲ್ಲಿ ಅದನ್ನೂ ಕೊಟ್ಟಿದ್ದರು, ನಾನೇ ಮರೆತಿದ್ದೆ.