ಕೀಲುಕುದುರೆಯ ಹೊಟ್ಟೆಯೊಳಗೆ

ಕನ್ನಡದ ಕೀಲುಕುದುರೆ ಉರ್ದು ಕಥೆಗಳಲ್ಲಿ ‘ಕಲ್ ಕಾ ಘೋಡಾ’. ‘ಕಲ್’ ಎಂದರೆ ಯಂತ್ರ; ನಿನ್ನೆಗೂ ನಾಳೆಗೂ ಅದೇ ಶಬ್ದ.

ಹಳಿಯಾಳದ ನಮ್ಮ ಮನೆಯ ಟ್ರಂಕಿನಲ್ಲಿ, ತೀರಿಹೋದ ಅಬ್ಬಾ ಎಂದೋ ತಂದಿದ್ದ ತಗಡಿನ ಕುದುರೆಯೊಂದಿದೆ. ರಜೆಗೆ ಬಂದ ತಂಗಿಯ ಮಕ್ಕಳು ಕೀಲಿ ತಿರುವಿದರು. ಅದು ನಾಲ್ಕು ಮಾರು ಓಡಿ ನಿಂತಿತು. ‘ಮಾಮೂ, ಸೆಲ್ ಎಲ್ಲಿ ಹಾಕೋದು?’ ಎಂದ ಹುಡುಗ. ಹುಡುಗಿ ಮಾತಾಡದೆ ಸ್ಕ್ರೂಡ್ರೈವರ್ ತಂದು ತಗಡಿನ ಅಂಚನ್ನು ಮೆಲ್ಲಗೆ ಎತ್ತತೊಡಗಿದಳು. ‘ಹಾಳು ಮಾಡ್ತಾರೆ, ಕಸಿದುಕೋ. ಅವರ ನೆನಪಿಗೆ ಉಳಿದದ್ದು ಇದೊಂದೇ’ ಎಂದರು ಅಮ್ಮಿ. ನಾನು ಸುಮ್ಮನಿದ್ದೆ. ಒಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿ, ಒಂದಕ್ಕೊಂದು ಕಚ್ಚಿದ ಹಲ್ಲಿನ ಗಾಲಿಗಳು. ‘ನಾವು ತಿರುವಿದ್ದೇ ಇದರಲ್ಲಿ ಕೂತಿರ್ತದೆ. ಬಿಚ್ಚಿಕೊಳ್ಳುವಾಗ ಓಡಿಸ್ತದೆ’ ಎಂದಳು ಹುಡುಗಿ. ಸ್ವಲ್ಪ ಹೊತ್ತಿಗೆ ಅಮ್ಮಿಯೇ ಹೊಲಿಗೆ ಯಂತ್ರದ ಎಣ್ಣೆ ತಂದು ಗಾಲಿಗಳಿಗೆ ಎರಡು ಹನಿ ಬಿಟ್ಟರು.

ಅಲ್-ಜಝರಿ 1206ರಲ್ಲಿ ತನ್ನ ಯಂತ್ರಗಳ ಗ್ರಂಥ ಮುಗಿಸಿದಾಗ ಆನೆಯ ಗಡಿಯಾರದ ಒಳಗನ್ನೂ ಇತರರು ಮಾಡಿಕೊಳ್ಳುವಂತೆ ಬಿಡಿಸಿ ತೋರಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಹಿಡಿ ತಿರುವಿದರೆ ಒಳಗಿನ ತಿದಿಗಳು ಗಾಳಿಯೂದಿ ಹುಲಿ ಗುರುಗುಟ್ಟುವಂತೆ, ಕೆಳಗೆ ಬಿದ್ದ ಮನುಷ್ಯ ನರಳುವಂತೆ ಮಾಡಿದ ಕೆಲಸ ಅದು. ಟಿಪ್ಪುವಿನ ಹೆಸರೆತ್ತಿ ಜಗಳವಾಡುವ ನಮ್ಮಲ್ಲಿ ಆ ತಿದಿಯ ಬಗ್ಗೆ ಕೇಳುವವರು ಎಷ್ಟು ಮಂದಿ?

ಈಗಿನ ಎಷ್ಟೋ ಆಟಿಕೆಗಳನ್ನು ಬಿಚ್ಚಿದರೆ ಸಿಗುವುದು ಒಂದು ಹಸಿರು ಹಲಗೆ. ಅದು ಹೇಗೆ ನಡೆಸುತ್ತದೆಂದು ಬರಿಗಣ್ಣಿಗೆ ಕಾಣದು. ಹಳೆಯದನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಮಕ್ಕಳ ಕೈಗೆ ಕೊಡಿ. ಬಿಚ್ಚಿದರೆಂದು ಬೈಯಬೇಡಿ.