ಸಾಕೇವ್ ಶಿಬಿರದ ಕೆಸರಿನಲ್ಲಿ

ಕಾಲಿಟ್ಟಲ್ಲೆಲ್ಲ ಕೆಸರು. ಕಾಂಬೋಡಿಯದ ಗಡಿಯಿಂದ ಸುಮಾರು 60 ಕಿಲೋಮೀಟರ್ ದೂರದ ಸಾಕೇವ್, ಥಾಯ್ಲೆಂಡಿನ ನೆಲ. ಮೊನ್ನೆ ಮೊನ್ನೆಯವರೆಗೂ ಭತ್ತದ ಗದ್ದೆ. 1979ರ ಅಕ್ಟೋಬರ್ 24ರಂದು ಇಲ್ಲಿ ನಿರಾಶ್ರಿತರ ಶಿಬಿರ ತೆರೆದರು. ಗಡಿಯಲ್ಲಿ ಕುಸಿದು ಬಿದ್ದವರನ್ನು ಬಸ್ಸುಗಳಲ್ಲಿ, ಲಾರಿಗಳಲ್ಲಿ ತಂದು ಇಳಿಸುತ್ತಲೇ ಇದ್ದಾರೆ. ಆಗಲೇ ಮೂವತ್ತು ಸಾವಿರದ ಹತ್ತಿರ ಬಂದಿದೆ ಲೆಕ್ಕ. ಮಳೆ ಸುರಿದ ರಾತ್ರಿ ಪ್ಲಾಸ್ಟಿಕ್ ಹಾಳೆಗಳ ಕೆಳಗೆ ನೀರು ನಿಂತಿತು. ಹಸಿವು, ಮಲೇರಿಯಾಗಳಿಂದ ನೆಲ ಹಿಡಿದವರಲ್ಲಿ ಕೆಲವರಿಗೆ ತಲೆಯೆತ್ತುವಷ್ಟೂ ತ್ರಾಣವಿರಲಿಲ್ಲ. ಮಲಗಿದಲ್ಲೇ ಮುಳುಗಿ ಸತ್ತರು.

ಸುತ್ತ ನೋಡಿ. ಬಹುಪಾಲು ಜನರ ಮೈಮೇಲೆ ಒಂದೇ ಬಗೆಯ ಕಪ್ಪು ಬಟ್ಟೆ. ಗಂಡನನ್ನು ಕಳೆದುಕೊಂಡವಳು ಯಾರು, ಅಂಥ ಗಂಡಂದಿರನ್ನು ರಾತ್ರೋರಾತ್ರಿ ಎಳೆದೊಯ್ದವನು ಯಾರು, ಹೊರಗಿನವರಿಗೆ ಗೊತ್ತಾಗದು. ಒಳಗಿನವರಿಗೆ ಗೊತ್ತು. ಶಿಬಿರದೊಳಗಿನ ಹಿಡಿತ ಇನ್ನೂ, ಮೊನ್ನೆಯವರೆಗೆ ಕಾಂಬೋಡಿಯವನ್ನು ಆಳಿದ ಖಮೇರ್ ರೂಜ್ ಪಕ್ಷದ ಕಮಾಂಡರುಗಳದ್ದೇ. ಅನ್ನದ ಸಾಲಿನಲ್ಲೂ ಯಾರೂ ದನಿಯೆತ್ತುವುದಿಲ್ಲ.

ಈ ಸಾಲುಗಳ ನಡುವೆ ಬೌದ್ಧ ಭಿಕ್ಷುವಿನ ಕಾವಿ ಚೀವರವೊಂದು ನಡೆದು ಬರುತ್ತದೆ.

ಮಂದಿ ಮಿಕಮಿಕ ನೋಡುತ್ತಾರೆ. 1975ರ ಏಪ್ರಿಲ್‌ನಿಂದ 1979ರ ಜನವರಿಯವರೆಗೆ ಖಮೇರ್ ರೂಜ್ ನಾಯಕ ಪೋಲ್ ಪಾಟ್‌ನ ಆಳ್ವಿಕೆ ಕಾಂಬೋಡಿಯದಲ್ಲಿ ಒಂದು ಚೀವರವನ್ನೂ ಉಳಿಯಗೊಟ್ಟಿರಲಿಲ್ಲ. ಭಿಕ್ಷುಗಳನ್ನು ಕೊಂದರು, ಉಳಿದವರ ಚೀವರ ಬಿಚ್ಚಿಸಿ ಗದ್ದೆಗೆ ಅಟ್ಟಿದರು. ವಿಹಾರಗಳು ಕಣಜಗಳಾದವು, ಕೆಲವು ಸೆರೆಮನೆಗಳಾದವು. ಕೈಮುಗಿಯುವುದೂ ಅಪರಾಧವಾಗಿದ್ದ ವರ್ಷಗಳು ಅವು. ಈಗ ಒಬ್ಬ ಮುದುಕಿ ಮೊದಲು ಕೈ ಜೋಡಿಸುತ್ತಾಳೆ, ಆಮೇಲೆ ಕೆಸರಿನಲ್ಲೇ ಮಂಡಿಯೂರುತ್ತಾಳೆ. ಪಕ್ಕದವಳು ಅಳಲು ಶುರುಮಾಡುತ್ತಾಳೆ. ಸಾಲು ಚದುರುತ್ತದೆ.

ಬಂದವರು ಮಹಾ ಘೋಸಾನಂದ. ಬಿಹಾರದ ನಾಲಂದಾದಲ್ಲಿ ಪಾಲಿ ಓದಿದ, ಕಾಂಬೋಡಿಯದ ಖಮೇರ್ ಭಿಕ್ಷು. ತಮ್ಮ ದೇಶ ಉರಿಯುತ್ತಿದ್ದಷ್ಟೂ ಕಾಲ ದಕ್ಷಿಣ ಥಾಯ್ಲೆಂಡಿನ ಕಾಡಿನಲ್ಲಿ, ಗುರು ಅಜಾನ್ ಧಮ್ಮದರೋ ಅವರ ಆಶ್ರಮದಲ್ಲಿ ಧ್ಯಾನಕ್ಕೆ ಕೂತಿದ್ದವರು. ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲರನ್ನೂ ಆ ಆಳ್ವಿಕೆ ನುಂಗಿತ್ತು. ಹಾಗಾಗಿ ಇಲ್ಲಿ ಅವರು ಹೊರಗಿನಿಂದ ಬಂದ ಉಪದೇಶಕರಲ್ಲ, ಇವರ ಹಾಗೇ ಮನೆ ಬರಿದಾದವರು.

ಕೈಯಲ್ಲಿರುವುದು ಅಂಚು ಮಡಚಿದ, ಮಾಸಿದ ಹಾಳೆಗಳ ಕಂತೆ. ಮೆತ್ತ ಸುತ್ತದ ಪ್ರತಿಗಳು. ಎಲ್ಲ ಜೀವಿಗಳ ಮೇಲೂ ಮೈತ್ರಿ ಹರಿಸಲು ಬುದ್ಧ ಹೇಳಿಕೊಟ್ಟ ಪುಟ್ಟ ಪಾಠ. ಅದರಲ್ಲಿ ತಾಯಿಯೊಬ್ಬಳ, ಅವಳ ಒಂದೇ ಮಗುವಿನ ಮಾತು ಬರುತ್ತದೆ. ಮಕ್ಕಳನ್ನು ಮಣ್ಣುಮಾಡಿ ಬಂದ ತಾಯಂದಿರು ಆ ಹಾಳೆ ಹಿಡಿದಿರುವುದನ್ನು ನೋಡುತ್ತಿದ್ದೀರಿ. ಘೋಸಾನಂದರು ವ್ಯಾಖ್ಯಾನ ಕೊಡುವುದಿಲ್ಲ. ಪ್ರತಿಯೊಬ್ಬರಿಗೂ ಬಾಗಿ ನಮಸ್ಕರಿಸಿ ಒಂದೊಂದು ಹಾಳೆ ಕೊಡುತ್ತಾ ಮುಂದೆ ಹೋಗುತ್ತಾರೆ. ಯಾವ ಪಕ್ಷದವನೆಂದು ಯಾರನ್ನೂ ಕೇಳುವುದಿಲ್ಲ. ಕೊಂದವನಿಗೂ ಅದೇ ಹಾಳೆ, ಅದೇ ನಮಸ್ಕಾರ. ನನಗೆ ಇಡೀ ಕಥೆಯ ಜೀವ ಇಲ್ಲಿದೆ. ನೊಂದವರಿಗೆ ಸಾಂತ್ವನ ಹೇಳುವವರು ಎಲ್ಲ ಕಾಲದಲ್ಲೂ ಸಿಕ್ಕಾರು. ಮೈತ್ರಿಯ ಪಾಠವನ್ನು ನೋಯಿಸಿದವನ ಕೈಗೂ ಇಡುವುದಕ್ಕೆ ಬೇರೆಯೇ ಎದೆ ಬೇಕು.

ಗಡಿಯ ಶಿಬಿರಗಳಲ್ಲಿ ಬಿದಿರಿನ ಪುಟ್ಟ ವಿಹಾರಗಳು ಎದ್ದವು. ಒಂದು ಶಿಬಿರದಲ್ಲಿ ಖಮೇರ್ ರೂಜ್‌ನವರು ಮೊದಲೇ ಪಿಸುಮಾತು ಹಬ್ಬಿಸಿದ್ದರು: ವಿಹಾರಕ್ಕೆ ಹೋದವರು ಊರಿಗೆ ಮರಳಿದ ಮೇಲೆ ಬದುಕಿರುವುದಿಲ್ಲ. ಆದರೂ ಗಂಟೆ ಬಾರಿಸಿದಾಗ ಸಾವಿರಾರು ಜನ ಬಂದು ಕೂತರು. ಘೋಸಾನಂದರು ದ್ವೇಷ ಹೇಗೆ ಅಡಗುತ್ತದೆಂದು ಹೇಳುವ ಧಮ್ಮಪದದ ಗಾಥೆಯನ್ನು ಪಾಲಿಯಲ್ಲೂ ಖಮೇರ್‌ನಲ್ಲೂ ಪಠಿಸಿದರು. ಮತ್ತೆ ಪಠಿಸಿದರು. ಮತ್ತೆ. ಮೊದಲು ಒಂದೆರಡು ಗಂಟಲು, ಆಮೇಲೆ ಇಡೀ ಬಯಲೇ ದನಿಗೂಡಿಸಿತು. ಬಾಲ್ಯದಿಂದ ಬಾಯಿಗೆ ಬರುತ್ತಿದ್ದ ಮಾತುಗಳವು, ನಾಲ್ಕು ವರ್ಷ ತುಟಿ ದಾಟಿರಲಿಲ್ಲ. ಅಳುತ್ತಲೇ ಪಠಿಸಿದರು.

1992ರಲ್ಲಿ ಅವರು ನಿರಾಶ್ರಿತರನ್ನು ಜೊತೆಗೆ ಕರೆದುಕೊಂಡು ಗಡಿಯಿಂದ ರಾಜಧಾನಿ ನೋಮ್ ಪೆನ್‌ಗೆ ನಡೆದರು. ಅದು ಧಮ್ಮಯಾತ್ರೆ. ಮರುವರ್ಷ, ಕಾಂಬೋಡಿಯದಲ್ಲಿ ವಿಶ್ವಸಂಸ್ಥೆ ನಡೆಸಿದ ಚುನಾವಣೆಗೆ ಮುನ್ನ, ಮತ್ತೊಂದು. 1993ರ ಮೇ ಮೊದಲ ವಾರ ಸಿಯೆಮ್ ರೀಪ್‌ನ ವಿಹಾರದಲ್ಲಿ ಯಾತ್ರಿಕರು ಸೇರಿದ್ದಾಗ ಸುತ್ತ ಗುಂಡಿನ ಕಾಳಗ. ಗ್ರೆನೇಡೊಂದು ಒಳಗೇ ಬಿತ್ತು, ಸಿಡಿಯಲಿಲ್ಲ. ಯಾತ್ರೆ ಹೊರಟಿತು. ದಾರಿಯ ಇಕ್ಕೆಲದಲ್ಲಿ ಹಳ್ಳಿಯವರು ಬಿಂದಿಗೆಯಲ್ಲಿ ನೀರು ಹಿಡಿದು ನಿಂತಿರುತ್ತಿದ್ದರು, ನಡೆಯುವವರು ಅದನ್ನು ಚಿಮುಕಿಸಿ ಹರಸಲೆಂದು. ಸೈನಿಕರೂ ಬಂದೂಕು ಕೆಳಗಿಟ್ಟು ತಲೆ ಬಾಗಿಸುತ್ತಿದ್ದರು.

ಮತಗಟ್ಟೆಗೆ ಹೋಗಬೇಡಿ ಎಂದು ಖಮೇರ್ ರೂಜ್ ಆ ಸಲವೂ ಬೆದರಿಸಿತ್ತು. ಮೇ ಕೊನೆಯ ವಾರ, ಪಟ್ಟಿಯಲ್ಲಿ ಹೆಸರಿದ್ದ ಮತದಾರರಲ್ಲಿ ಶೇಕಡ 90ರ ಹತ್ತಿರ ಜನ ಹೋಗಿ ಮತ ಹಾಕಿದರು.