ಜಿಸ್ಟ್ ಕಾರ್ಡಿಗೆ, ಕಾಚಿಗುಡದಿಂದ

ಪ್ರಿಯ ಜಿಸ್ಟ್ ಕಾರ್ಡೇ,

ಡಾಸ್ ಕಾಲದ ಕಂಪ್ಯೂಟರಿನಲ್ಲಿ ಕನ್ನಡ ತೋರಿಸುತ್ತಿದ್ದ ನಿನ್ನನ್ನು ಹುಡುಕಿಕೊಂಡು ಸಿಕಂದರಾಬಾದಿನ ಪಾರ್ಕ್ ಲೇನಿಗೆ ಹೋಗಿದ್ದೆ. ಚೆನಾಯ್ ಟ್ರೇಡ್ ಸೆಂಟರಿನ ಹಳೆ ಸಾಮಾನಿನ ಅಂಗಡಿಗಳಲ್ಲಿ ನಿನ್ನ ಹೆಸರು ಹೇಳಿದರೆ ಹುಡುಗರಿಗೆ ಗುರುತೇ ಹತ್ತಲಿಲ್ಲ. ಒಬ್ಬ ಹಿರಿಯರಿಗೆ ಮಾತ್ರ ನೆನಪಿತ್ತು. ಕಾರ್ಡು ಸಿಕ್ಕರೂ ಅದನ್ನು ಎಲ್ಲಿ ಸಿಕ್ಕಿಸುತ್ತೀರಿ ಎಂದು ಅವರು ಕೇಳಿದರು. ನಿನಗೆ ಬೇಕಾದ ಐಎಸ್‌ಎ ಸ್ಲಾಟು ಮನೆ, ಕಚೇರಿಗಳ ಕಂಪ್ಯೂಟರುಗಳಿಂದ ಮಾಯವಾಗಿ ಎಷ್ಟೋ ಕಾಲವಾಯಿತು.

ನಾನು ನಿನ್ನನ್ನು ಹುಡುಕಿದ್ದು ಒಂದು ಫ್ಲಾಪಿಗಾಗಿ. ಹೈದರಾಬಾದಿನ ಕನ್ನಡ ಸಂಘವೊಂದರ ಸದಸ್ಯರ ಪಟ್ಟಿ, ವಂತಿಗೆ ಲೆಕ್ಕ, ರಸೀದಿ ಮುದ್ರಿಸುವ ಪುಟ್ಟ ಪ್ರೋಗ್ರಾಂ, ಎಲ್ಲವೂ ದತ್ತಾಂಶ ಇಡುವ ಅಂದಿನ ತಂತ್ರಾಂಶವಾದ ಡಿಬೇಸ್‌ನಲ್ಲಿ ಬರೆದದ್ದು, ಅದರಲ್ಲಿವೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ 1956ರ ನವೆಂಬರ್ 1ರವರೆಗೆ ಹೈದರಾಬಾದೇ ರಾಜಧಾನಿ. ಓದಿಗೆ, ನೌಕರಿಗೆ, ಕೋರ್ಟು ಕೆಲಸಕ್ಕೆ ಬಂದವರು ಇಲ್ಲೇ ನೆಲೆ ನಿಂತರು. ಆ ಮನೆತನಗಳ ಹೆಸರು, ಊರು, ವಿಳಾಸ ಆ ಫ್ಲಾಪಿಯಲ್ಲಿವೆ. ಕಾಗದದ ಪ್ರತಿ ಉಳಿದಿಲ್ಲ.

ಇವತ್ತಿನ 64 ಬಿಟ್ ವಿಂಡೋಸಿನಲ್ಲಿ ಡಾಸ್ ಕಾಲದ ಪ್ರೋಗ್ರಾಂ ನೇರವಾಗಿ ನಡೆಯುವುದಿಲ್ಲ. ಅದಕ್ಕೆ ಡಾಸ್‌ಬಾಕ್ಸ್ ಬೇಕು. ಈ ತಂತ್ರಾಂಶ ಹಳೆಯ ಪ್ರೊಸೆಸರು, ಹಳೆಯ ವಿಜಿಎ ಪರದೆ, ಸೌಂಡ್ ಬ್ಲಾಸ್ಟರ್‌ಗಳ ವೇಷವನ್ನು ಚೆನ್ನಾಗಿ ಕಟ್ಟುತ್ತದೆ. ಡಿಬೇಸ್ ಎದ್ದಿತು, ಮೆನು ಬಂತು, ಪಟ್ಟಿಯೂ ತೆರೆಯಿತು. ಆದರೆ ಕನ್ನಡ ಇರಬೇಕಾದ ಜಾಗದಲ್ಲಿ ಗೆರೆಗಳು. 'ಕನ್ನಡ' ಎಂಬ ಮಾತು ಹೀಗೆ ಕಂಡಿತು: ಒಂದು ನಿಲುಗೆರೆ, ಅಡ್ಡಪಟ್ಟಿ ಹಾಕಿದ ಇನ್ನೊಂದು ಗೆರೆ, ಗ್ರೀಕರ ಫೈ, ಮತ್ತೆ ಅಡ್ಡಪಟ್ಟಿಯ ಗೆರೆ, ಕೊನೆಗೆ ಚೌಕಟ್ಟಿನ ಒಂದು ಮೂಲೆ.

ಆಗ ನಿನ್ನ ಕೆಲಸ ಏನಿತ್ತೆಂದು ಪೂರ್ತಿ ತಿಳಿಯಿತು. ಡಿಬೇಸ್‌ಗೆ ಕನ್ನಡ ಗೊತ್ತಿರಲಿಲ್ಲ. ವರ್ಡ್‌ಸ್ಟಾರ್, ಲೋಟಸ್ ಯಾವುದಕ್ಕೂ ಗೊತ್ತಿರಲಿಲ್ಲ. ಅವು ಅಂಕೆಗಳನ್ನಷ್ಟೇ ಪರದೆಗೆ ಕಳಿಸುತ್ತಿದ್ದವು. ನಡುವೆ ಕೂತ ನೀನು ಅವನ್ನು ಹಿಡಿದು, ಎಲ್ಲಿ ಒತ್ತು ಬರಬೇಕು, ಎಲ್ಲಿ ಗುಣಿತ ಏಳಬೇಕು ಎಂದು ನೋಡಿ ಅಕ್ಷರ ಬಿಡಿಸುತ್ತಿದ್ದೆ. ತಂತ್ರಾಂಶದ ಅರ್ಧ ಫ್ಲಾಪಿಯಲ್ಲಿತ್ತು, ಇನ್ನರ್ಧ ನಿನ್ನ ಚಿಪ್ಪಿನಲ್ಲಿತ್ತು. ಡಾಸ್‌ಬಾಕ್ಸ್ ನಿನ್ನ ವೇಷ ಕಟ್ಟುವುದಿಲ್ಲ.

ನಿನ್ನ ಬೇರು ಐಐಟಿ ಕಾನ್ಪುರದಲ್ಲಿದೆ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿದ ಮೇಲೆ ಮೋಹನ್ ತಾಂಬೆಯವರ ತಂಡ ನಿನ್ನನ್ನು ದೇಶದ ಕಚೇರಿಗಳಿಗೆ ತಲುಪಿಸಿತು. ನಿನ್ನ ಹಿಂದಿದ್ದವರು ಮಾಡಿದ ಒಂದು ತೀರ್ಮಾನಕ್ಕೆ ನಾನು ಇವತ್ತು ಋಣಿ. ಅಕ್ಷರದ ರೂಪಕ್ಕೆ ಅಂಕೆ ಕೊಡದೆ ಅಕ್ಷರಕ್ಕೇ ಅಂಕೆ ಕೊಟ್ಟರು. ಇಸ್ಕಿ ಎಂದು ಕರೆದ ಆ ಸಂಕೇತದಲ್ಲಿ ಕ 179, ನ 198, ವಿರಾಮ (ಒತ್ತು ಕೂಡಿಸುವ ಗುರುತು) 232, ಡ 191. ಕನ್ನಡ ಎಂದರೆ 179, 198, 232, 198, 191. ಬಾಯಲ್ಲಿ ಕಾಗುಣಿತ ಹೇಳಿಕೊಂಡಂತೆಯೇ, ಒಂದಾದ ಮೇಲೊಂದು. ವರ್ಣಮಾಲೆಯ ಸಾಲಿನಲ್ಲೇ ಅಂಕೆಗಳಿದ್ದುದರಿಂದ, ಕನ್ನಡವನ್ನೇ ಅರಿಯದ ಡಿಬೇಸ್ ಕೂಡ ಹೆಸರುಗಳನ್ನು ಬಹುಮಟ್ಟಿಗೆ ಅಕಾರಾದಿಯಲ್ಲಿ ಜೋಡಿಸುತ್ತಿತ್ತು.

ನೀನಿಲ್ಲದಿದ್ದರೂ ಆ ಅಂಕೆಗಳು ನನ್ನ ಕೈಯಲ್ಲಿದ್ದವು. 1991ರಲ್ಲಿ ಬಂದ ಯುನಿಕೋಡ್ ನಮ್ಮ ಲಿಪಿಗಳ ಜೋಡಣೆಯನ್ನು ಇಸ್ಕಿಯ 1988ರ ಆವೃತ್ತಿಯಿಂದಲೇ ತೆಗೆದುಕೊಂಡಿತು. ಹಾಗಾಗಿ ದಾರಿ ಸಲೀಸು. 179ಕ್ಕೆ 3042 ಕೂಡಿಸು, 3221 ಬರುತ್ತದೆ, ಯುನಿಕೋಡಿನ ಕ ಅದೇ. ಕದಿಂದ ಯವರೆಗೆ ಇದೇ ಕೂಡುವ ಲೆಕ್ಕ. ರ ಬಂದಾಗ ಒಂದಂಕೆ ಜಾರುತ್ತದೆ, ಯಾಕೆಂದರೆ ಬಂಗಾಳಿ, ಒಡಿಯಾದವರಿಗೆ ಬೇಕಾದ ಇನ್ನೊಂದು ಯ ಇಸ್ಕಿಯಲ್ಲಿ ನಡುವೆ ಕೂತಿದೆ. ಮುಂದಿನದನ್ನು ಕೋಷ್ಟಕ ನೋಡಿ ತುಂಬಿದೆ. ಈ ಲೆಕ್ಕ ಮಾಡುವ ಪ್ರೋಗ್ರಾಂ ಬರೆದು ಓಡಿಸಿದಾಗ ಗೆರೆಗಳ ಜಾಗದಲ್ಲಿ ಹುಮನಾಬಾದು, ಆಳಂದ, ಸುರಪುರ ಎಂಬ ಊರುಗಳು ಎದ್ದು ನಿಂತವು. ನನಗೆ ಕಣ್ಣು ತುಂಬಿ ಬಂತು, ಅದನ್ನು ಮುಚ್ಚಿಡಲಾರೆ.

ಆದರೆ ಕೆಲವು ಸಾಲುಗಳು ಕನ್ನಡವಾಗಿರಲಿಲ್ಲ. ಒಂದು ಕಡೆ ವಿಳಾಸದಲ್ಲಿ 'ಇಂಟಿ ನೆಂ.' ಎಂದಿದೆ, ಇನ್ನೊಂದು ಕಡೆ ವೃತ್ತಿ 'ಉಪಾಧ್ಯಾಯುಡು'. ಅವು ತೆಲುಗು. ಇಸ್ಕಿಯಲ್ಲಿ ಎರಡೂ ಭಾಷೆಯ ಕಕ್ಕೆ 179 ಒಂದೇ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ನಿನಗೆ ಹೇಳುತ್ತಿದ್ದರು, ಕಡತಕ್ಕೆ ಹೇಳುತ್ತಿರಲಿಲ್ಲ. ಆಯ್ಕೆ ಬದಲಿಸಿದರೆ ಅದೇ ಸಾಲು ತೆಲುಗಿನಲ್ಲಿ, ಮತ್ತೆ ಬದಲಿಸಿದರೆ ಕನ್ನಡದಲ್ಲಿ. ಮನೆಯಲ್ಲಿ ಕನ್ನಡ ಆಡಿ ಶಾಲೆಯಲ್ಲಿ ತೆಲುಗು ಮಾತ್ರ ಕಲಿತ ಮಕ್ಕಳು ತುಂಬಿದ ಈ ಊರಿಗೆ ಅದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಯಾವುದಿತ್ತು? ಯುನಿಕೋಡಿನಲ್ಲೂ ಈ ಎರಡು ಲಿಪಿಗಳ ನಂಟಿನ ಗುರುತು ಉಳಿದಿದೆ: ತೆಲುಗಿನ ಕ 3093, ಕನ್ನಡದ ಕ 3221, ಅಂತರ 128. ಎರಡು ಲಿಪಿಗೂ ಇರುವ ಬಹುಪಾಲು ಅಕ್ಷರಗಳಿಗೆ ಇದೇ ಅಂತರ. ಆದರೂ ಎಷ್ಟೋ ಸಾಲುಗಳನ್ನು ಯಂತ್ರ ನಿರ್ಧರಿಸಲಾರದು. 'ರಾಮಕೃಷ್ಣ' ಎಂಬ ಹೆಸರೊಂದೇ ಇದ್ದರೆ ಅವರು ಕನ್ನಡದಲ್ಲಿ ಬರೆಸಿದರೋ ತೆಲುಗಿನಲ್ಲೋ? ಅಂಥವನ್ನು ಬೇರೆ ಇಟ್ಟಿದ್ದೇನೆ.

ನಿನ್ನ ನಂತರ ಬಂದವರ ಬಗ್ಗೆಯೂ ಹೇಳಬೇಕು. ವಿಂಡೋಸ್ ಬಂತು, ಪುಟ ಜೋಡಿಸುವ ಪೇಜ್‌ಮೇಕರ್ ಬಂತು, ಅಂದದ ಕನ್ನಡ ಫಾಂಟುಗಳು ಬಂದವು. ಆ ಫಾಂಟುಗಳು ಅಕ್ಷರಕ್ಕೆ ಅಂಕೆ ಕೊಡಲಿಲ್ಲ, ತುಂಡು ಆಕಾರಗಳಿಗೆ ಕೊಟ್ಟವು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದ 'ಕನ್ನಡ' 80, 192, 163, 192, 223, 113, 192. ಇದರಲ್ಲಿ 192 ಎಂಬುದು ಯಾವ ಅಕ್ಷರವೂ ಅಲ್ಲ, ಬರಿಯ ತಲೆಕಟ್ಟು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷಿನ ಪಿ, ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತಾಗಿ ಕಾಣುತ್ತದೆ. ಶ್ರೀಲಿಪಿ ತಂತ್ರಾಂಶದ ಅಂಕೆಗಳು ಬೇರೆ, ಪ್ರಕಾಶಕ ತಂತ್ರಾಂಶದ್ದು ಬೇರೆ. ಆ ದಿನಗಳಲ್ಲಿ ಯಂತ್ರಗಳಿಗಿದ್ದ ಮಿತಿಯಲ್ಲಿ ಪುಸ್ತಕ ಮುದ್ರಿಸಲು ಅದೇ ದಾರಿ ಇತ್ತು, ಅದನ್ನು ಒಪ್ಪುತ್ತೇನೆ. ಕನ್ನಡ ಪ್ರಕಟಣೆ ಆ ಫಾಂಟುಗಳ ಬಲದಿಂದ ಬೆಳೆಯಿತು. ಆದರೆ ಮುದ್ರಣವಾದ ಮೇಲೆ ಉಳಿದ ಕಡತಗಳಲ್ಲಿ ಹುಡುಕಲು ಬಾರದು, ಅಕಾರಾದಿ ಬಾರದು. ಪೇಜ್‌ಮೇಕರ್ 2001ರ ಏಳನೆಯ ಆವೃತ್ತಿಗೇ ನಿಂತುಹೋಯಿತು, ಅದಕ್ಕೆ ಯುನಿಕೋಡ್ ಗೊತ್ತಿಲ್ಲ. ನುಡಿ, ಬರಹದ ಕಡತಗಳಿಗೆ ಅರವಿಂದ ವಿ.ಕೆ. ಬರೆದು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಪರಿವರ್ತಕ ಇರುವುದು ದೊಡ್ಡ ಭಾಗ್ಯ.

ಅಕ್ಷರವನ್ನೇ ನೆಚ್ಚಿದ ಕೆಲಸವೂ ಆಗ ಇತ್ತು. ಇದೇ ಊರಿನ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ತೊಂಬತ್ತರ ದಶಕದಲ್ಲಿ ಅನುಸಾರಕದ ಕೆಲಸ ನಡೆಯಿತು. ಕನ್ನಡ, ತೆಲುಗು ಮೊದಲಾದ ಭಾಷೆಗಳ ಬರಹವನ್ನು ಹಿಂದಿ ಬಲ್ಲವರಿಗೆ ಓದಿಸುವ ತಂತ್ರಾಂಶ ಅದು, ನಿನ್ನಂತೆಯೇ ಕಾನ್ಪುರದಿಂದ ಬಂದದ್ದು. 'ಊರಿನಿಂದ' ಎಂಬ ಪದದಲ್ಲಿ ಊರನ್ನೂ ಇಂದವನ್ನೂ ಬಿಡಿಸಬೇಕಾದರೆ ಯಂತ್ರಕ್ಕೆ ಅಕ್ಷರ ಬೇಕು. ತಲೆಕಟ್ಟು, ಕೊಂಬುಗಳ ರಾಶಿಯಿಂದ ಆ ಕೆಲಸ ಆಗುವಂಥದ್ದಲ್ಲ. ಹಾಳೆಯ ಅಂದಕ್ಕಿಂತ ಅಕ್ಷರವೇ ಮುಖ್ಯ ಎಂದು ತಿಳಿದವರು ಆಗಲೂ ಇದ್ದರು. ಅವರ ಮಾತು ಡಿಟಿಪಿ ಅಂಗಡಿಗಳವರೆಗೆ ಬರಲಿಲ್ಲ, ಅಷ್ಟೆ.

ಪಟ್ಟಿ ಈಗ ಯುನಿಕೋಡಿನಲ್ಲಿದೆ. ರಸೀದಿ ಮುದ್ರಿಸುವ ಪ್ರೋಗ್ರಾಮನ್ನು ಹೊಸದಾಗಿ ಬರೆಯುತ್ತಿದ್ದೇನೆ. ಬೇರೆ ಇಟ್ಟ ಹೆಸರುಗಳನ್ನು ಸಂಘದ ಹಿರಿಯರ ಮುಂದೆ ಓದುತ್ತೇನೆ, ಅವರು ಮನೆತನ ನೆನಪಿಸಿಕೊಂಡು ಹೇಳುತ್ತಾರೆ. ಇನ್ನು ಈ ಪತ್ರ ಕಂಡವರಲ್ಲಿ ಒಂದು ಕೋರಿಕೆ. ನಿಮ್ಮ ಸಂಘದ, ಕಚೇರಿಯ, ಮುದ್ರಣಾಲಯದ ಬೀರುವಿನಲ್ಲಿ ಆ ಕಾಲದ ಫ್ಲಾಪಿ ಇದ್ದರೆ ಈ ವರ್ಷವೇ ನಕಲು ಮಾಡಿಸಿ, ಅದರ ಕಾಂತಶಕ್ತಿ ಕುಂದುತ್ತಾ ಬಂದಿದೆ. ತೆರೆದಾಗ ಗೆರೆಗಳೇ ಕಂಡರೆ ಎಸೆಯಬೇಡಿ. ಜಿಸ್ಟ್ ಕಾರ್ಡು ಸಿಕ್ಕರೆ ಅದನ್ನೂ ಎತ್ತಿಡಿ. ಅದರ ಚಿಪ್ಪನ್ನು ಓದಬಲ್ಲವರು ಡಾಸ್‌ಬಾಕ್ಸಿಗೆ ಅದರ ವೇಷವನ್ನೂ ಕಲಿಸಬಹುದು, ಆಗ ಹಳೆಯ ಪ್ರೋಗ್ರಾಮುಗಳು ಇದ್ದ ಹಾಗೆಯೇ ಕನ್ನಡದಲ್ಲಿ ನಡೆಯುತ್ತವೆ.

ಇಂತಿ,
ಕಾಚಿಗುಡದ ಒಬ್ಬ ಕನ್ನಡಿಗ